ಕಣ್ಣಿನ ಪರದೆಯ ಅಳತೆ
(ಬಾನುಲಿ ಭಾಷಣ)

ಕಣ್ಣಿನ ಆಸ್ಪತ್ರೆಗೆ ಹೋಗಿ ಬಂದವರ ಕೈಯಲ್ಲಿ ಈಗೀಗ ಬಣ್ಣಬಣ್ಣದ ಕಾಗದವೊಂದನ್ನು ಕಾಣುತ್ತೇವೆ. ಅದರಲ್ಲಿ ಕೆಂಪು, ಹಳದಿ, ಹಸುರು, ನೀಲಿ ಬಣ್ಣಗಳು ಬೆರೆತ ಒಂದು ನಕ್ಷೆ. ಅದರ ಪಕ್ಕಕ್ಕೆ ಒಂಬತ್ತು ಮನೆಗಳಾಗಿ ವಿಭಾಗಿಸಿದ ಒಂದು ವೃತ್ತ. ಪ್ರತಿ ಮನೆಯಲ್ಲಿಯೂ ಮೂರಂಕಿಯ ಒಂದೊಂದು ಸಂಖ್ಯೆ. ಕೆಳಗೆ ಕಪ್ಪು ನೆಲದ ಮೇಲೆ ಬೂದು ಬಣ್ಣದ ಅಲೆಯಂತಹ ಒಂದು ಚಿತ್ರ. ಕಲಬುರಗಿಯ ಆಸ್ಪತ್ರೆಗಳ ಹೊರಜಗುಲಿಗಳಲ್ಲಿ ಈ ಕಾಗದವನ್ನು ಬೆಳಕಿಗೆ ಹಿಡಿದು, ಕೆಂಪು ಎಷ್ಟಿದೆ, ಹಸುರು ಎಷ್ಟಿದೆ ಎಂದು ನೋಡುತ್ತ ಕುಳಿತವರನ್ನು ಕಣ್ಣಿನ ವೈದ್ಯನಾದ ನಾನು ದಿನವೂ ಕಾಣುತ್ತೇನೆ. ಹಸುರಿದ್ದರೆ ಮುಖ ಅರಳುತ್ತದೆ, ಕೆಂಪಿದ್ದರೆ ಬಾಡುತ್ತದೆ.

ಈ ಕಾಗದವು ಹೇಳುವುದೇನು, ಅದನ್ನು ಎಷ್ಟರಮಟ್ಟಿಗೆ ನಂಬಬೇಕು, ಅದು ಎಲ್ಲಿ ತಪ್ಪು ಹೇಳಬಲ್ಲುದು ಎಂಬುದೇ ಈ ಹೊತ್ತಿನ ನನ್ನ ಮಾತಿನ ವಿಷಯ. ಇದು ವೈದ್ಯರಿಗಷ್ಟೇ ಸೇರಿದ ವಿಚಾರವೆಂದು ಕೇಳುಗರು ಭಾವಿಸಬಾರದು. ಈ ವೃತ್ತದ ನಡುವಣ ಮನೆಯಲ್ಲಿರುವ ಒಂದು ಸಂಖ್ಯೆಯನ್ನು ನೋಡಿ, ಕಣ್ಣಿನೊಳಕ್ಕೆ ಚುಚ್ಚುಮದ್ದು ಕೊಡಬೇಕೇ ಬೇಡವೇ ಎಂಬುದನ್ನು ಎಷ್ಟೋ ಸಲ ನಿರ್ಧರಿಸುತ್ತಾರೆ. ಆ ಚುಚ್ಚುಮದ್ದು ಒಂದಕ್ಕೆ ಮುಗಿಯುವುದಲ್ಲ. ತಿಂಗಳಿಗೊಂದರಂತೆ ಹಲವು ಬೇಕಾಗಬಹುದು. ಬೇಡದವನಿಗೆ ಕೊಟ್ಟರೆ ಹಣವೂ ಹೋಯಿತು, ಕಣ್ಣಿಗೆ ಇಲ್ಲದ ಅಪಾಯವನ್ನೂ ತಂದಂತಾಯಿತು. ಬೇಕಾದವನಿಗೆ ಕೊಡದಿದ್ದರೆ ದೃಷ್ಟಿಯೇ ಹೋಗಬಹುದು. ಆದಕಾರಣ ಆ ಸಂಖ್ಯೆ ಎಲ್ಲಿಂದ ಬಂತು ಎಂದು ಕೇಳುವುದು ಎಲ್ಲರಿಗೂ ಸೇರಿದ ವಿಷಯ.

ನಮ್ಮ ಹಿಂದಿನ ತಲೆಮಾರಿಗೆ ಕುರುಡುತನವೆಂದರೆ ಬಹುಮಟ್ಟಿಗೆ ಕಣ್ಣಿನ ಪೊರೆ, ನಮ್ಮ ಕಡೆಯವರು ಮೋತಿಬಿಂದು ಎನ್ನುವ ಕಾಯಿಲೆ. ಬೀಳಗಿಯಲ್ಲಿ ಹುಟ್ಟಿ, ಊರೂರಿಗೆ ಹೋಗಿ ಶಿಬಿರಗಳನ್ನು ನಡೆಸಿ, ಅಸಂಖ್ಯಾತ ಜನರ ಪೊರೆ ತೆಗೆದು, 2005ರಲ್ಲಿ ನಿಧನರಾದ ಡಾ. ಎಂ. ಸಿ. ಮೋದಿಯವರ ಹೆಸರು ಕರ್ನಾಟಕದ ಹಳ್ಳಿಗಳಲ್ಲಿ ಇಂದಿಗೂ ಮನೆಮಾತು. ಪೊರೆಯನ್ನು ಕಂಡುಹಿಡಿಯಲು ಒಂದು ಕೈದೀಪ ಸಾಕು. ಅದು ಕಣ್ಣಿನ ಮುಂಭಾಗದಲ್ಲಿ, ಎದುರಿಗೇ ಇರುತ್ತದೆ. ಆದರೆ ಈಗ ಹೆಚ್ಚುತ್ತಿರುವುದು ಕಣ್ಣಿನ ಹಿಂಭಾಗದ ಕಾಯಿಲೆಗಳು. ಅವುಗಳಲ್ಲಿ ಮುಖ್ಯವಾದದ್ದು ಸಕ್ಕರೆ ಕಾಯಿಲೆಯಿಂದ ಬರುವಂಥದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ ಮಧುಮೇಹಿಗಳ ಸಂಖ್ಯೆ 10 ಕೋಟಿಯನ್ನು ಮೀರಿದೆ. 2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯು, ಐವತ್ತು ವರ್ಷ ದಾಟಿದ ಮಧುಮೇಹಿಗಳಲ್ಲಿ ನೂರಕ್ಕೆ 16.9 ಮಂದಿಗೆ ಕಣ್ಣಿನ ಪರದೆಗೂ ಕಾಯಿಲೆ ತಗಲಿದೆ ಎಂದು ಕಂಡಿತು. ಈ ಕಾಯಿಲೆಗೆ ಕೈದೀಪ ಸಾಲದು.

ಕಣ್ಣಿನ ಪರದೆ ಎಂದೆ. ರೆಟಿನಾ, ಅಂದರೆ ಅಕ್ಷಿಪಟಲಕ್ಕೆ ನಮ್ಮ ರೋಗಿಗಳು ಇಟ್ಟಿರುವ ಹೆಸರು ಅದು, ಸೊಗಸಾದ ಹೆಸರು. ಕಣ್ಣಿನ ಒಳಗೋಡೆಗೆ ಅಂಟಿಕೊಂಡಿರುವ ಈ ತೆಳು ಪೊರೆಯ ಮೇಲೆ ಹೊರಗಿನ ಜಗತ್ತಿನ ಬಿಂಬ ಬೀಳುತ್ತದೆ. ಇದರ ದಪ್ಪ ಒಂದು ಮಿಲಿಮೀಟರಿನ ಕಾಲುಭಾಗ ಅಥವಾ ಮೂರನೆಯ ಒಂದು ಭಾಗದಷ್ಟು ಮಾತ್ರ. ಅಷ್ಟರಲ್ಲಿಯೇ ಹತ್ತು ಪದರಗಳನ್ನು ಶರೀರಶಾಸ್ತ್ರಜ್ಞರು ಎಣಿಸುತ್ತಾರೆ. ನಮ್ಮ ಜಿಲ್ಲೆಯವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಶಹಾಬಾದಿನ ಫರಸಿ ಕಲ್ಲಿನ ಗಣಿಯನ್ನು ನೋಡಿದವರಿಗೆ, ನೆಲದೊಳಗೆ ಕಲ್ಲು ಹಾಸುಹಾಸಾಗಿ, ಒಂದರ ಮೇಲೊಂದು ಪದರವಾಗಿ ಮಲಗಿರುವುದು ಗೊತ್ತು. ಮೇಲೆ ನಿಂತು ನೋಡಿದರೆ ಕಾಣುವುದು ಒಂದೇ ಹಾಸು. ಗಣಿಯ ಕಡಿದ ಗೋಡೆಯನ್ನು ನೋಡಿದಾಗ ಮಾತ್ರ ಯಾವ ಪದರ ಎಷ್ಟು ದಪ್ಪ, ಎಲ್ಲಿ ನೀರು ನಿಂತಿದೆ, ಎಲ್ಲಿ ಬಿರುಕು ಬಿಟ್ಟಿದೆ ಎಂಬುದು ತಿಳಿಯುತ್ತದೆ.

ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1851ರಲ್ಲಿ ನೇತ್ರದರ್ಶಕವನ್ನು ಲೋಕಕ್ಕೆ ಕೊಟ್ಟಮೇಲೆ ವೈದ್ಯರಿಗೆ ಪರದೆಯನ್ನು ಎದುರಿನಿಂದ ನೋಡುವುದು ಸಾಧ್ಯವಾಯಿತು. ಆದರೆ ಅದು ಹಾಸುಗಲ್ಲಿನ ಮೇಲೆ ನಿಂತು ನೋಡಿದ ಹಾಗೆ. ಒಳಗೆ ನೀರು ತುಂಬಿ ಪರದೆ ಊದಿಕೊಂಡಿದೆಯೋ ಇಲ್ಲವೋ ಎಂಬುದನ್ನು ಅನುಭವಿಯಾದ ವೈದ್ಯನು ಊಹಿಸಬೇಕಾಗಿತ್ತು. ಜೀವಂತ ಕಣ್ಣನ್ನು ಕೊಯ್ಯುವಂತಿಲ್ಲ. ಕೊಯ್ಯದೆಯೇ ಕಡಿದ ಗೋಡೆಯನ್ನು ತೋರಿಸುವ ಉಪಾಯ ಬಂದದ್ದು 1991ರಲ್ಲಿ. ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಡೇವಿಡ್ ಹುವಾಂಗ್, ಜೇಮ್ಸ್ ಫುಜಿಮೊಟೊ, ಎರಿಕ್ ಸ್ವಾನ್ಸನ್ ಮತ್ತು ಸಂಗಡಿಗರು ಆಪ್ಟಿಕಲ್ ಕೊಹೆರೆನ್ಸ್ ಟೊಮೊಗ್ರಫಿ ಎಂಬ ವಿಧಾನವನ್ನು ಪ್ರಕಟಿಸಿದರು. ಓ.ಸಿ.ಟಿ. ಎಂದು ಎಲ್ಲರೂ ಕರೆಯುವುದು ಇದನ್ನೇ. ಆಸ್ಪತ್ರೆಗಳ ಬಳಕೆಗೆ ಇದು 1996ರಲ್ಲಿ ಬಂತು. 2023ರಲ್ಲಿ ಈ ಮೂವರಿಗೂ ಅಮೆರಿಕದ ಲಾಸ್ಕರ್ ಪ್ರಶಸ್ತಿ ಸಂದಿತು.

ಇದರ ತತ್ತ್ವವು ಪ್ರತಿಧ್ವನಿಯ ತತ್ತ್ವವೇ. ವಿಜಯಪುರದ ಗೋಳಗುಮ್ಮಟದಲ್ಲಿ ನಿಂತು ಕೂಗಿದರೆ ದನಿಯು ಗೋಡೆಗೆ ತಗಲಿ ಹಿಂದಿರುಗುತ್ತದೆ. ಹಿಂದಿರುಗಲು ಹಿಡಿದ ಕಾಲದಿಂದ ಗೋಡೆ ಎಷ್ಟು ದೂರದಲ್ಲಿದೆಯೆಂದು ಲೆಕ್ಕ ಹಾಕಬಹುದು. ಓ.ಸಿ.ಟಿ. ಯಂತ್ರವು ದನಿಯ ಬದಲು ಬೆಳಕನ್ನು ಕಳುಹಿಸುತ್ತದೆ. ಪರದೆಯ ಒಂದೊಂದು ಪದರದಿಂದಲೂ ಒಂದಿಷ್ಟು ಬೆಳಕು ಹಿಂದಿರುಗುತ್ತದೆ. ತೊಡಕೇನೆಂದರೆ, ಬೆಳಕು ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್ ಓಡುವಂಥದು. ಎರಡು ಪದರಗಳ ನಡುವಣ ಅಂತರವನ್ನು ದಾಟಲು ಅದಕ್ಕೆ ಬೇಕಾದದ್ದು ಸೆಕೆಂಡಿನ ಲಕ್ಷ ಕೋಟಿ ಭಾಗಗಳಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ ಕಾಲ. ಹಾಗೆ ನೇರವಾಗಿ ಅಳೆಯುವ ಗಡಿಯಾರವಿಲ್ಲ. ಆದ್ದರಿಂದ ಬೆಳಕನ್ನು ಎರಡಾಗಿ ಸೀಳಿ, ಒಂದು ಸೀಳನ್ನು ಕಣ್ಣಿಗೂ ಮತ್ತೊಂದನ್ನು ದೂರ ಗೊತ್ತಿರುವ ಕನ್ನಡಿಗೂ ಕಳುಹಿಸಿ, ಹಿಂದಿರುಗಿದ ಎರಡನ್ನೂ ಕೂಡಿಸಿ, ಆ ಕೂಟದಲ್ಲಿ ಏಳುವ ಅಲೆಗಳಿಂದ ಆಳವನ್ನು ತಿಳಿಯುತ್ತಾರೆ. ಹಿಂದಿರುಗಿದ ಬೆಳಕು ಹೆಚ್ಚಾದಲ್ಲಿ ಚಿತ್ರದಲ್ಲಿ ಬಿಳುಪು, ಕಡಿಮೆಯಾದಲ್ಲಿ ಕಪ್ಪು. ಪರದೆಯಲ್ಲಿ ತುಂಬಿದ ನೀರು ಬೆಳಕನ್ನು ಹಿಂದಿರುಗಿಸದಾದ್ದರಿಂದ ಕಪ್ಪು ಗುಳಿಯಂತೆ ಕಾಣುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಚಿತ್ರದ ಮಾತು. ದಪ್ಪದ ಸಂಖ್ಯೆ ಚಿತ್ರದಲ್ಲಿ ತಾನಾಗಿ ಇರುವುದಿಲ್ಲ. ಅದನ್ನು ಚಿತ್ರದಿಂದ ಲೆಕ್ಕ ಹಾಕಿ ತೆಗೆಯಬೇಕು. ಇಡೀ ವಿಷಯದ ಕೀಲಿಕೈ ಇಲ್ಲಿದೆ. ಯಂತ್ರದೊಳಗಿನ ಗಣಕವು ಚಿತ್ರವನ್ನು ನೋಡಿ, ಪರದೆಯ ಒಳಮೈ ಇದು ಎಂದು ಮೇಲೊಂದು ಗೆರೆ ಎಳೆಯುತ್ತದೆ. ಹೊರಮೈ ಇದು ಎಂದು ಕೆಳಗೊಂದು ಗೆರೆ ಎಳೆಯುತ್ತದೆ. ಎರಡು ಗೆರೆಗಳ ನಡುವಣ ಅಂತರವನ್ನೇ ದಪ್ಪವೆಂದು ಬರೆಯುತ್ತದೆ. ಗೆರೆ ಸರಿಯಾದ ಕಡೆ ಬಿದ್ದಿದ್ದರೆ ಸಂಖ್ಯೆ ಸರಿ. ಗೆರೆ ಜಾರಿದ್ದರೆ ಸಂಖ್ಯೆಯೂ ತಪ್ಪು. ಜಾರಿದ ಗೆರೆಯಿಂದ ಬಂದ ಸಂಖ್ಯೆಯೂ ಸರಿಯಾದ ಸಂಖ್ಯೆಯಷ್ಟೇ ಅಂದವಾಗಿ, ಅಷ್ಟೇ ಗಟ್ಟಿಯಾಗಿ ಅಚ್ಚಾಗುತ್ತದೆ. ಅದನ್ನು ನೋಡಿದ ಮಾತ್ರಕ್ಕೆ ತಪ್ಪೆಂದು ತಿಳಿಯುವ ಯಾವ ಗುರುತೂ ಅದರ ಮೇಲಿರುವುದಿಲ್ಲ.

ಅಳತೆಯ ಮಾನ ಮೈಕ್ರಾನ್. ಮಿಲಿಮೀಟರಿನ ಸಾವಿರದ ಒಂದು ಭಾಗ. ಪರದೆಯ ನಟ್ಟನಡುವೆ, ನಾವು ಅಕ್ಷರ ಓದುವುದಕ್ಕೂ ಮುಖದ ಗುರುತು ಹಿಡಿಯುವುದಕ್ಕೂ ಬಳಸುವ ಜಾಗದಲ್ಲಿ, ಒಂದು ಸಣ್ಣ ತಗ್ಗು ಇದೆ. ಆ ತಗ್ಗನ್ನು ಕೇಂದ್ರವಾಗಿಟ್ಟುಕೊಂಡು 1, 3 ಮತ್ತು 6 ಮಿಲಿಮೀಟರ್ ಅಡ್ಡಳತೆಯ ಮೂರು ವೃತ್ತಗಳನ್ನು ಎಳೆದು, ಹೊರಗಿನ ಎರಡು ಬಳೆಗಳನ್ನು ನಾಲ್ಕು ನಾಲ್ಕು ಭಾಗ ಮಾಡಿದರೆ ಒಂಬತ್ತು ಮನೆಗಳಾಗುತ್ತವೆ. ಆರೋಗ್ಯವಂತ ಕಣ್ಣಿನಲ್ಲಿ ನಡುವಣ ಮನೆಯೇ ತೆಳ್ಳಗೆ. ಅದರ ಸುತ್ತಣ ಬಳೆ ದಪ್ಪ. ಅದರಾಚೆಯ ಬಳೆ ಮತ್ತೆ ಕೊಂಚ ತೆಳುವು. ಕೆರೆಯ ಸುತ್ತ ಏರಿ ಇರುವಂತೆ ಎಂದುಕೊಳ್ಳಿ.

ನಡುವಣ ಮನೆಯಲ್ಲಿ ಎಷ್ಟಿರಬೇಕು? ಇದಕ್ಕೆ ಒಂದೇ ಉತ್ತರವಿಲ್ಲ. ಕೆಳಗಿನ ಗೆರೆಯನ್ನು ಎಲ್ಲಿ ಎಳೆಯಬೇಕು ಎಂಬ ವಿಷಯದಲ್ಲಿ ಯಂತ್ರ ಮಾಡುವವರಲ್ಲಿಯೇ ಒಮ್ಮತವಿಲ್ಲ. 2002ರ ಸುಮಾರಿಗೆ ಬಂದ ಹಳೆಯ ಮಾದರಿಯು ಸ್ವಲ್ಪ ಮೇಲಣ ಪದರದಲ್ಲಿಯೇ ಗೆರೆ ಎಳೆಯುತ್ತಿತ್ತು. 2006ರ ತರುವಾಯ ಬಂದ ವೇಗದ ಯಂತ್ರಗಳು ಇನ್ನೂ ಕೆಳಗಣ ಪದರದಲ್ಲಿ ಎಳೆಯುತ್ತವೆ. ಆದ್ದರಿಂದ ಅದೇ ಕಣ್ಣು ಹಳೆಯದರಲ್ಲಿ ಇನ್ನೂರರ ಆಸುಪಾಸಿನಲ್ಲಿ, ಹೊಸದರಲ್ಲಿ 250ರಿಂದ 270ರ ಆಸುಪಾಸಿನಲ್ಲಿ ಅಳತೆ ಕೊಡುತ್ತದೆ. ಮಧುಮೇಹದ ಕಣ್ಣಿನ ಚಿಕಿತ್ಸೆಯ ಬಗ್ಗೆ ದೊಡ್ಡ ಪರೀಕ್ಷೆಗಳನ್ನು ನಡೆಸಿದ ಅಮೆರಿಕದ ಸಂಶೋಧಕ ಕೂಟವು, ಊತವಿದೆ ಎನ್ನಲು ಹಳೆಯ ಯಂತ್ರಕ್ಕೆ 250 ಎಂಬ ಗಡಿಯನ್ನೂ, ಹೊಸ ಯಂತ್ರಗಳಲ್ಲಿ ಒಂದಕ್ಕೆ ಹೆಂಗಸರಿಗೆ 290, ಗಂಡಸರಿಗೆ 305, ಇನ್ನೊಂದಕ್ಕೆ ಹೆಂಗಸರಿಗೆ 305, ಗಂಡಸರಿಗೆ 320 ಎಂಬ ಗಡಿಗಳನ್ನೂ ಇಟ್ಟುಕೊಂಡಿತು. ಹೀಗಿರುವಲ್ಲಿ, ಒಂದು ಆಸ್ಪತ್ರೆಯ ಹಳೆಯ ಕಡತದಲ್ಲಿ 215 ಎಂದೂ ಮತ್ತೊಂದು ಆಸ್ಪತ್ರೆಯ ಹೊಸ ಕಾಗದದಲ್ಲಿ 275 ಎಂದೂ ಇದ್ದರೆ, ಕಾಯಿಲೆ ಹೆಚ್ಚಿತೆಂದು ಎದೆಗೆಡಬೇಕಾಗಿಲ್ಲ. ಒಂದೇ ಧಾನ್ಯವನ್ನು ಎರಡು ಬೇರೆ ಬೇರೆ ಸೇರಿನಲ್ಲಿ ಅಳೆದಂತಾಗಿರಬಹುದು. ಒಬ್ಬರ ಕಣ್ಣಿನ ಏರಿಳಿತವನ್ನು ತಿಳಿಯಬೇಕಾದರೆ ಸಾಧ್ಯವಿದ್ದಷ್ಟೂ ಅದೇ ಯಂತ್ರದಲ್ಲಿ, ಅದೇ ಬಗೆಯ ಚಿತ್ರ ತೆಗೆಸಿ ಹೋಲಿಸಬೇಕು.

ಇನ್ನು ಗೆರೆ ಜಾರುವ ಬಗೆಗಳನ್ನು ನೋಡೋಣ. ಮೊದಲನೆಯದು ಬೆಳಕಿನ ಬಡತನ. ಕಣ್ಣಿನಲ್ಲಿ ಪೊರೆ ಬಲಿತಿದ್ದರೆ, ಕಣ್ಣೀರು ಆರಿ ಮೇಲ್ಮೈ ಒಣಗಿದ್ದರೆ, ಪಾಪೆ ಚಿಕ್ಕದಾಗಿದ್ದರೆ, ಅಷ್ಟೇಕೆ, ಯಂತ್ರದ ಗಾಜಿನ ಮೇಲೆ ಬೆರಳಿನ ಗುರುತು ಬಿದ್ದಿದ್ದರೂ, ಒಳಹೋಗುವ ಮತ್ತು ಹೊರಬರುವ ಬೆಳಕು ಕುಗ್ಗುತ್ತದೆ. ಚಿತ್ರ ಮಂಜು ಕವಿದಂತಾಗುತ್ತದೆ. ಮಂಜಿನಲ್ಲಿ ಹೊಲದ ಬದುವನ್ನು ಹುಡುಕುವವನಂತೆ ಗಣಕವು ತಡವರಿಸಿ ಎಲ್ಲಿಯೋ ಗೆರೆ ಎಳೆಯುತ್ತದೆ. ಯಂತ್ರವು ಈ ಬೆಳಕಿನ ಬಲಕ್ಕೂ ಒಂದು ಅಂಕ ಕೊಡುತ್ತದೆ. ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುವ ಯಂತ್ರದಲ್ಲಿ ಆರಕ್ಕಿಂತ ಕಡಿಮೆ ಬಂದರೆ ದಪ್ಪದ ಸಂಖ್ಯೆಯನ್ನು ಸಂಶಯದಿಂದ ನೋಡಬೇಕು.

ಕಮಲಾಪುರದ ಹತ್ತಿರದ ಹಳ್ಳಿಯ ಹಿರಿಯ ಹೆಂಗಸೊಬ್ಬರು ಇಂತಹದೇ ಒಂದು ಕಾಗದವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದಿದ್ದರು. ಬೇರೊಂದು ಊರಿನಲ್ಲಿ ತೆಗೆಸಿದ ಕಾಗದ. ನಡುವಣ ಮನೆಯಲ್ಲಿ 512 ಎಂದಿತ್ತು. ನಕ್ಷೆಯ ಮಧ್ಯವೆಲ್ಲ ಕೆಂಪು. ಚುಚ್ಚುಮದ್ದಿಗೆ ಹಣ ಹೊಂದಿಸುವುದಕ್ಕಾಗಿ ಮಗ ಎಮ್ಮೆ ಮಾರುವ ಮಾತಾಡಿದ್ದನಂತೆ. “ಕೆಂಪ ಬಂದದ ಅಂತಾರ್ರೀ ಸಾಹೇಬ್ರ, ಕಣ್ಣ ಹೋದಂಗೇನ್ರಿ?” ಎಂದು ಕೇಳಿದರು. ಬೆಳಕಿನ ಅಂಕ ನಾಲ್ಕು ಎಂದಿದ್ದುದು ಕಾಗದದ ಮೂಲೆಯಲ್ಲಿಯೇ ಅಚ್ಚಾಗಿತ್ತು. ಬೂದು ಚಿತ್ರವನ್ನು ನೋಡಿದರೆ ಪರದೆಯ ತಗ್ಗು ತನ್ನ ಸಹಜ ಆಕಾರದಲ್ಲಿಯೇ ಇದೆ. ಮೇಲಣ ಗೆರೆ ಮಾತ್ರ ಪರದೆಯನ್ನು ಬಿಟ್ಟು ಮೇಲಿನ ಮಂಜಿನೊಳಕ್ಕೆ ಜಿಗಿದಿದೆ. ಕಣ್ಣಿಗೆ ತೇವದ ಹನಿ ಹಾಕಿ, ನಾಲ್ಕಾರು ಸಲ ರೆಪ್ಪೆ ಬಡಿಯಲು ಹೇಳಿ, ಪೊರೆ ತೆಳುವಾಗಿದ್ದ ಕಡೆಯಿಂದ ಬೆಳಕು ಹೋಗುವಂತೆ ಯಂತ್ರವನ್ನು ಕೊಂಚ ಸರಿಸಿ ಮತ್ತೆ ಚಿತ್ರ ತೆಗೆದಾಗ ಅಂಕ ಆರಕ್ಕೆ ಏರಿತು. ನಡುವಣ ಸಂಖ್ಯೆ 271ಕ್ಕೆ ಇಳಿಯಿತು. “ಇಲ್ರೀ ಯವ್ವಾ, ಕೆಂಪಾಗಿದ್ದು ಕಾಗದ, ನಿಮ್ಮ ಕಣ್ಣಲ್ಲ” ಎಂದೆ. ಅವರಿಗೆ ಬೇಕಾಗಿದ್ದುದು ಪೊರೆಯ ಶಸ್ತ್ರಚಿಕಿತ್ಸೆ. ಎಮ್ಮೆ ಮನೆಯಲ್ಲಿಯೇ ಉಳಿಯಿತು.

ಎರಡನೆಯದು ಚಲನೆ. ಹೊಸ ಯಂತ್ರಗಳು ಸೆಕೆಂಡಿಗೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಕಡೆ ಆಳವನ್ನು ಅಳೆಯುತ್ತವೆ. ಆದರೂ ಇಡೀ ಜಾಗವನ್ನು ಗುಡಿಸಿ ಮುಗಿಸಲು ಕೆಲವು ಸೆಕೆಂಡುಗಳು ಬೇಕು. ಆ ನಡುವೆ ಕಣ್ಣು ಅದುರಿದರೆ ಚಿತ್ರದಲ್ಲಿ ರಕ್ತನಾಳವು ತುಂಡಾಗಿ ಪಕ್ಕಕ್ಕೆ ಸರಿದಂತೆ ಕಾಣುತ್ತದೆ. ರೆಪ್ಪೆ ಬಡಿದರೆ ಅಡ್ಡಲಾಗಿ ಒಂದು ಕಪ್ಪು ಪಟ್ಟಿ ಬೀಳುತ್ತದೆ. ಪಟ್ಟಿ ಬಿದ್ದ ಕಡೆ ಅಳತೆಯೇ ಇಲ್ಲ. ಅಲ್ಲಿ ಅಚ್ಚಾದ ಸಂಖ್ಯೆ ಅಕ್ಕಪಕ್ಕದಿಂದ ತುಂಬಿದ ಊಹೆಯಾಗಿರಬಹುದು. ಹಳೆಯ ಯಂತ್ರದಲ್ಲಿಯಂತೂ ನಕ್ಷೆಯ ಬಹುಭಾಗ ಊಹೆಯೇ ಆಗಿತ್ತು; ಚಕ್ರದ ಅರಗಳಂತೆ ಆರು ಗೆರೆಗಳ ಮೇಲೆ ಮಾತ್ರ ಅಳೆದು, ನಡುವಣ ಜಾಗಗಳನ್ನು ಲೆಕ್ಕದಿಂದ ತುಂಬುತ್ತಿದ್ದರು.

ಮೂರನೆಯದು ಕೇಂದ್ರ ತಪ್ಪುವುದು. ಯಂತ್ರದೊಳಗೆ ಒಂದು ಸಣ್ಣ ದೀಪವಿದೆ. ರೋಗಿಯು ಅದನ್ನೇ ನೋಡುತ್ತಿದ್ದಾನೆ ಎಂದು ನಂಬಿ ಯಂತ್ರವು ವೃತ್ತಗಳನ್ನು ಇಡುತ್ತದೆ. ಆತನು ಬೇರೆ ಕಡೆ ನೋಡಿದರೆ ವೃತ್ತದ ನಡುವಣ ಮನೆಯು ತಗ್ಗಿನ ಮೇಲೆ ಕೂರದೆ ಏರಿಯ ಮೇಲೆ ಕೂರುತ್ತದೆ. ಆಗ ಆರೋಗ್ಯವಂತ ಕಣ್ಣೂ ದಪ್ಪವೆಂದು ಕಾಣುತ್ತದೆ. ಇದಕ್ಕೆ ವಿರುದ್ಧವಾದದ್ದು ಇನ್ನೂ ಅಪಾಯಕರ. ಕಮಲಾಪುರದ ಹೆಸರು ಕೇಳಿದೊಡನೆ ನೆನಪಾಗುವ ಕೆಂಬಾಳೆಯನ್ನು ಬೆಳೆಯುವ ರೈತರೊಬ್ಬರು, ಹತ್ತಾರು ವರ್ಷಗಳಿಂದ ಸಕ್ಕರೆ ಕಾಯಿಲೆಯವರು, ಗೊನೆಯ ಲೆಕ್ಕದ ಚೀಟಿ ಓದಲಾಗುತ್ತಿಲ್ಲವೆಂದು ಬಂದರು. ಅವರ ಕೈಯಲ್ಲಿದ್ದ ಕಾಗದದಲ್ಲಿ ನಡುವಣ ಸಂಖ್ಯೆ 262. ಬೆಳಕಿನ ಅಂಕವೂ ಚೆನ್ನಾಗಿತ್ತು. ಎಲ್ಲವೂ ಸರಿಯಾಗಿದೆ ಎಂದು ಅವರಿಗೆ ಹೇಳಿಯೂ ಆಗಿತ್ತು. ಚಿತ್ರಗಳನ್ನು ಒಂದೊಂದಾಗಿ ನೋಡುತ್ತ ಹೋದರೆ, ನೀರಿನ ಕಪ್ಪು ಗುಳಿಗಳು ನಡುವಣ ಮನೆಯಿಂದ ಪಕ್ಕಕ್ಕೆ ಸರಿದ ಜಾಗದಲ್ಲಿವೆ. ನಿಜವಾದ ತಗ್ಗು ಇರುವುದೂ ಅಲ್ಲಿಯೇ. ಕಣ್ಣಿನ ನಡುಭಾಗ ಕೆಟ್ಟವರಿಗೆ ನೇರವಾಗಿ ನೋಡಿದರೆ ದೀಪ ಕಾಣುವುದಿಲ್ಲ. ಅದು ಕಾಣಲೆಂದು ತಮಗೆ ತಿಳಿಯದಂತೆಯೇ ಅವರು ಕಣ್ಣನ್ನು ಓರೆ ಮಾಡುತ್ತಾರೆ. ಕಾಯಿಲೆಯೇ ಕಾಯಿಲೆಯನ್ನು ಅಡಗಿಸುವ ಬಗೆ ಇದು. ವೃತ್ತವನ್ನು ತಗ್ಗಿನ ಮೇಲೆ ಸರಿಸಿ ಇಟ್ಟಾಗ ಸಂಖ್ಯೆ 398 ಆಯಿತು. ಅವರಿಗೆ ಚಿಕಿತ್ಸೆ ಆರಂಭವಾಯಿತು.

ನಾಲ್ಕನೆಯದು ಕಾಯಿಲೆಯೇ ಗೆರೆಯನ್ನು ದಾರಿ ತಪ್ಪಿಸುವುದು. ಪರದೆಯ ಮೇಲೆ ಮತ್ತೊಂದು ತೆಳುಪೊರೆ ಬೆಳೆದಿದ್ದರೆ ಗಣಕವು ಅದನ್ನೇ ಪರದೆಯ ಒಳಮೈ ಎಂದುಕೊಳ್ಳಬಹುದು. ಕೊಬ್ಬಿನಂಶದ ಗಟ್ಟಿ ಕಣಗಳು ಪರದೆಯಲ್ಲಿ ಕುಳಿತಿದ್ದರೆ ಅವುಗಳ ಕೆಳಗೆ ನೆರಳು ಬಿದ್ದು, ಕೆಳಗಣ ಗೆರೆ ಆ ನೆರಳಿನಲ್ಲಿ ಕಳೆದುಹೋಗುತ್ತದೆ. ಪರದೆಯ ಅಡಿಯಲ್ಲಿ ನೀರು ನಿಂತಿದ್ದರೆ ಅದನ್ನು ಸೇರಿಸಿ ಅಳೆಯುವುದೋ ಬಿಟ್ಟು ಅಳೆಯುವುದೋ ಗೆರೆ ಬಿದ್ದ ಜಾಗವನ್ನು ಅವಲಂಬಿಸಿರುತ್ತದೆ. ಕಣ್ಣು ಹೆಚ್ಚು ಕೆಟ್ಟಷ್ಟೂ ಯಂತ್ರದ ಲೆಕ್ಕ ತಪ್ಪುವ ಸಂಭವವೂ ಹೆಚ್ಚು. ಸರಿಯಾದ ಅಳತೆ ಯಾರಿಗೆ ಹೆಚ್ಚಾಗಿ ಬೇಕೋ ಅವರಲ್ಲಿಯೇ ಅದು ಕೈಕೊಡುತ್ತದೆ.

ಐದನೆಯದು ಚೌಕಟ್ಟಿನ ತೊಡಕು. ಚಿತ್ರದ ಚೌಕಟ್ಟಿನೊಳಗೆ ಪರದೆ ಪೂರ್ತಿ ಕೂರದಿದ್ದರೆ ಮೇಲೋ ಕೆಳಗೋ ಕತ್ತರಿಸಿಹೋಗುತ್ತದೆ. ಸಮೀಪದೃಷ್ಟಿ ಬಹಳ ಹೆಚ್ಚಾಗಿ, ಕಣ್ಣುಗುಡ್ಡೆ ಉದ್ದವಾಗಿರುವವರಲ್ಲಿ ಪರದೆಯ ಬಾಗು ಹೆಚ್ಚು. ಚೌಕಟ್ಟನ್ನು ಮೀರಿದ ಭಾಗವು ಕನ್ನಡಿಯ ಬಿಂಬದಂತೆ ತಲೆಕೆಳಗಾಗಿ ಮಡಚಿಕೊಂಡು ಚಿತ್ರದೊಳಕ್ಕೇ ಬರುತ್ತದೆ. ಅರಿಯದವರು ಅದನ್ನು ವಿಚಿತ್ರವಾದ ಗಡ್ಡೆಯೆಂದು ತಿಳಿಯುವುದುಂಟು.

ಇಷ್ಟು ಗೆರೆಯ ಮಾತಾಯಿತು. ಬಣ್ಣದ ಮಾತು ಬೇರೆ. ಒಂದೇ ಕಾಗದದ ಮೇಲೆ ಕೆಂಪು ಬಣ್ಣಕ್ಕೆ ಎರಡು ವಿರುದ್ಧ ಅರ್ಥಗಳಿರಬಹುದೆಂಬುದು ಬಹಳ ಮಂದಿಗೆ ತಿಳಿಯದು. ದಪ್ಪದ ನಕ್ಷೆಯಲ್ಲಿ ಕೆಂಪೆಂದರೆ ದಪ್ಪ, ನೀಲಿಯೆಂದರೆ ತೆಳುವು. ಆರೋಗ್ಯವಂತರ ಅಳತೆಯೊಡನೆ ಹೋಲಿಸಿ ಬಣ್ಣ ಹಾಕಿದ ಮನೆಗಳಲ್ಲಿಯಾದರೋ ಕೆಂಪೆಂದರೆ ನೂರಕ್ಕೆ ತೊಂಬತ್ತೊಂಬತ್ತು ಮಂದಿಗಿಂತ ತೆಳುವು. ಈ ಹೋಲಿಕೆಗೆ ಯಂತ್ರವು ಬಳಸುವ ಆರೋಗ್ಯವಂತರಾದರೂ ಯಾರು? ಯಂತ್ರ ಮಾಡಿದವರು ಅಳೆದಿಟ್ಟುಕೊಂಡ ಕೆಲವು ನೂರು ಮಂದಿ ವಯಸ್ಕರು. ಹೆಚ್ಚಾಗಿ ಬಳಕೆಯಲ್ಲಿರುವ ಯಂತ್ರವೊಂದರಲ್ಲಿ ಅವರ ಸಂಖ್ಯೆ 284. ಅವರಲ್ಲಿ ಭಾರತೀಯ ಮೂಲದವರು ಬೆರಳೆಣಿಕೆಯಷ್ಟು. ಮಕ್ಕಳಿಲ್ಲ. ಆದ್ದರಿಂದ ಕೆಂಪು ಎಂದರೆ ಕಾಯಿಲೆಯೆಂದಲ್ಲ. ಆ ಗುಂಪಿನಲ್ಲಿ ಇಂತಹ ಅಳತೆ ಅಪರೂಪ ಎಂದಷ್ಟೇ ಅರ್ಥ. ಹಸುರೆಂದರೂ ಆರೋಗ್ಯವೆಂದಲ್ಲ, ಆ ಗುಂಪಿನಲ್ಲಿ ಇದು ಸಾಮಾನ್ಯ ಎಂದಷ್ಟೇ.

ಈ ಹೋಲಿಕೆಯು ವಯಸ್ಸನ್ನು ಆಧರಿಸಿದ್ದು. ಇಲ್ಲಿ ನಮ್ಮ ಭಾಗದ ಒಂದು ವಿಶೇಷವನ್ನು ಹೇಳಬೇಕು. ಹಳ್ಳಿಯ ಹಿರಿಯರಲ್ಲಿ ಬಹಳ ಮಂದಿಯ ಗುರುತಿನ ಚೀಟಿಯಲ್ಲಿ ಹುಟ್ಟಿದ ದಿನ ಜನವರಿ 1 ಅಥವಾ ಜೂನ್ 1 ಎಂದಿರುತ್ತದೆ, ವರ್ಷವೂ ಅಂದಾಜಿನದು. ಎಪ್ಪತ್ತು ದಾಟಿದವರನ್ನು ಅರವತ್ತೆಂದು ಬರೆದರೆ, ಅವರ ವಯಸ್ಸಿಗೆ ಸಹಜವಾದ ತೆಳುವನ್ನು ಯಂತ್ರವು ಕಾಯಿಲೆಯ ಬಣ್ಣದಲ್ಲಿ ತೋರಿಸಬಹುದು. ಹುಟ್ಟಿದ ವರ್ಷವನ್ನು ಬರೆದುಕೊಳ್ಳುವಾಗ, ರಜಾಕಾರರ ಗಲಾಟೆಯ ವೇಳೆಗೆ ಎಷ್ಟು ದೊಡ್ಡವರಿದ್ದಿರಿ, ಮದುವೆ ಯಾವಾಗ, ಹಿರಿಯ ಮಗನಿಗೆ ಎಷ್ಟು ವಯಸ್ಸು ಎಂದು ಎರಡು ಮಾತು ಕೇಳುವುದು ಕಾಲಹರಣವಲ್ಲ. ಅದೂ ಅಳತೆಯ ಭಾಗವೇ.

ಅಳತೆ ಸರಿಯಾಗಿದ್ದೂ ಅರ್ಥ ತಪ್ಪುವುದುಂಟು. ಬಹುಕಾಲ ಊದಿಕೊಂಡಿದ್ದ ಪರದೆಯಲ್ಲಿ ನರತಂತುಗಳು ನಶಿಸಿ ತೆಳುವಾಗಿ, ಅಳಿದುಳಿದ ಜಾಗದಲ್ಲಿ ನೀರು ನಿಂತಿದ್ದರೆ, ತೆಳುವೂ ಊತವೂ ಕೂಡಿ ಸಂಖ್ಯೆ ಸಹಜವೆಂದೇ ಬರುತ್ತದೆ. ಹಸುರು ಬಣ್ಣ, ಕಣ್ಣು ಮಾತ್ರ ಮಬ್ಬು. ದಪ್ಪಕ್ಕೂ ದೃಷ್ಟಿಗೂ ಸಂಬಂಧವಿದೆಯಾದರೂ ಅದು ಬಿಗಿಯಾದ ಸಂಬಂಧವಲ್ಲ. ನಾನೂರು ಮೈಕ್ರಾನ್ ಊದಿದ ಕಣ್ಣು ಸಣ್ಣ ಅಕ್ಷರವನ್ನು ಓದುವುದೂ, ಸಹಜ ದಪ್ಪದ ಕಣ್ಣು ಬಾಗಿಲ ಬಳಿ ನಿಂತವರ ಗುರುತು ಹಿಡಿಯದಿರುವುದೂ ನಮಗೆ ಹೊಸತಲ್ಲ. ಗೋಡೆಯ ಮೇಲಿನ ಅಕ್ಷರಗಳ ಹಲಗೆಯನ್ನು ಓದಿಸದೆ, ದೀಪ ಹಿಡಿದು ಕಣ್ಣನ್ನು ನೋಡದೆ, ಕಾಗದವನ್ನಷ್ಟೇ ನೋಡಿ ಚಿಕಿತ್ಸೆ ನಿರ್ಧರಿಸುವುದು ಸಲ್ಲದು.

ಹಾಗಾದರೆ ಈ ಕಾಗದವನ್ನು ಓದುವ ಕ್ರಮ ಯಾವುದು? ನಾನು ಅನುಸರಿಸುವ, ಕಿರಿಯ ವೈದ್ಯರಿಗೂ ಹೇಳುವ ಕ್ರಮ ಇದು. ಹೆಸರು, ವಯಸ್ಸು, ಎಡಗಣ್ಣೋ ಬಲಗಣ್ಣೋ, ದಿನಾಂಕ ಯಾವುದು ಎಂಬುದು ಮೊದಲು. ಬೆಳಕಿನ ಅಂಕ ಎರಡನೆಯದು. ಬೂದು ಚಿತ್ರ ಮೂರನೆಯದು. ಒಂದಲ್ಲ, ಎಲ್ಲ ಸೀಳುಗಳನ್ನೂ ನೋಡಬೇಕು. ಗೆರೆಗಳು ಪರದೆಯ ಅಂಚಿನ ಮೇಲೆಯೇ ಇವೆಯೇ, ವೃತ್ತವು ತಗ್ಗಿನ ಮೇಲೆಯೇ ಕುಳಿತಿದೆಯೇ ಎಂಬುದು ನಾಲ್ಕನೆಯದು. ಇವೆಲ್ಲ ಮುಗಿದ ಮೇಲೆ ಸಂಖ್ಯೆ, ಕಟ್ಟಕಡೆಗೆ ಬಣ್ಣ. ಕಾಗದವು ಇದೇ ಸಾಮಗ್ರಿಯನ್ನು ತಿರುಗುಮುರುಗಾಗಿ ಒಡ್ಡುತ್ತದೆ. ಬಣ್ಣ ಮೊದಲು ಕಣ್ಣಿಗೆ ಹೊಡೆಯುತ್ತದೆ, ಬೆಳಕಿನ ಅಂಕ ಮೂಲೆಯಲ್ಲಿ ಅಡಗಿರುತ್ತದೆ. ಗೆರೆ ಜಾರಿದ್ದರೆ ಅದನ್ನು ಕೈಯಿಂದ ತಿದ್ದುವ ಸೌಕರ್ಯ ಹಲವು ಯಂತ್ರಗಳಲ್ಲಿದೆ. ತಿದ್ದಲಾಗದಿದ್ದರೆ ಮತ್ತೊಮ್ಮೆ ಚಿತ್ರ ತೆಗೆಯಬೇಕು. ಎರಡೂ ಆಗದಿದ್ದರೆ, ಈ ಸಂಖ್ಯೆಯನ್ನು ಗಣನೆಗೆ ತೆಗೆದುಕೊಂಡಿಲ್ಲ ಎಂದು ಕಡತದಲ್ಲಿ ಬರೆಯಬೇಕು. ಬರೆಯದೆ ಬಿಟ್ಟರೆ ಮುಂದಿನ ವೈದ್ಯರು ಅದನ್ನೇ ಹೋಲಿಕೆಗೆ ಆಧಾರ ಮಾಡಿಕೊಳ್ಳುತ್ತಾರೆ.

ಚಿತ್ರ ತೆಗೆಯುವ ತಾಂತ್ರಿಕ ಸಹಾಯಕರ ಪಾತ್ರವನ್ನು ನಾವು ಸಾಕಷ್ಟು ಗೌರವಿಸಿಲ್ಲ. ಕಾಗದದಲ್ಲಿ ಕಾಣುವ ತಪ್ಪುಗಳಲ್ಲಿ ಹೆಚ್ಚಿನವು, ರೋಗಿ ಕುರ್ಚಿಯಿಂದ ಏಳುವ ಮೊದಲೇ ತಿದ್ದಬಹುದಾದಂಥವು. ಕರ್ನಾಟಕದಲ್ಲಿಯೇ ಇದಕ್ಕೊಂದು ಒಳ್ಳೆಯ ಮೇಲ್ಪಂಕ್ತಿಯಿದೆ. ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ಪರದೆಯ ಕಾಯಿಲೆಯನ್ನು ಹಿಡಿಯಲು, ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿನೇಕರ್ ಅವರ ನೇತೃತ್ವದಲ್ಲಿ 2008ರಲ್ಲಿ ಆರಂಭವಾದ ಕಿಡ್‌ರಾಪ್ ಯೋಜನೆ ಜಿಲ್ಲೆಗಳಿಗೆ ಕಳುಹಿಸಿದ್ದು ವೈದ್ಯರನ್ನಲ್ಲ. ತರಬೇತಿ ಪಡೆದ ತಾಂತ್ರಿಕ ಸಹಾಯಕರನ್ನು. ಶಿಶುವಿನ ಕಣ್ಣಿನ ಚಿತ್ರ ತೆಗೆಯುವುದನ್ನಷ್ಟೇ ಅಲ್ಲದೆ, ಚಿತ್ರವನ್ನು ನೋಡಿ ವಿಂಗಡಿಸುವುದನ್ನೂ ಅವರಿಗೆ ಕಲಿಸಿದರು. ಚಿತ್ರಗಳು ದೂರದ ತಜ್ಞರಿಗೆ ಆಗಲೇ ತಲುಪುವ ಏರ್ಪಾಡೂ ಇತ್ತು. ಚಿತ್ರ ತೆಗೆಯುವ ಕೈಗೆ ಚಿತ್ರ ಓದುವ ಕಣ್ಣನ್ನೂ ಕೊಟ್ಟರೆ ಎಷ್ಟು ದೂರ ಹೋಗಬಹುದೆಂಬುದಕ್ಕೆ ಅದು ಸಾಕ್ಷಿ. ದಪ್ಪ ಅಳೆಯುವ ಯಂತ್ರದ ಮುಂದೆ ಕುಳಿತವರಿಗೂ ಇದೇ ಶಿಕ್ಷಣ ಬೇಕು. ಮತ್ತೊಮ್ಮೆ ತೆಗೆಯಲು ಎರಡು ನಿಮಿಷದ ಬಿಡುವೂ ಬೇಕು. ಹೊರಗೆ ಅರವತ್ತು ಮಂದಿ ಕಾಯುತ್ತಿರುವಾಗ ಆ ಎರಡು ನಿಮಿಷವೇ ಎಲ್ಲಕ್ಕಿಂತ ದುಬಾರಿ ಎಂಬುದನ್ನು ಬಲ್ಲೆ.

ರೋಗಿಯ ಕೈಯಲ್ಲಿಯೂ ಕೆಲವು ಸಂಗತಿಗಳಿವೆ. ಕಮಲಾಪುರದಿಂದ ಕಲಬುರಗಿಗೆ ಹುಮನಾಬಾದ್ ರಸ್ತೆಯಲ್ಲಿ ಬಸ್ಸು ಹಿಡಿದು ಬರುವವರು ಬಿಸಿಲಿಗೂ ದೂಳಿಗೂ ಮುಖವೊಡ್ಡಿ ಬಂದಿರುತ್ತಾರೆ, ಕಣ್ಣು ಒಣಗಿರುತ್ತದೆ. ಒಂದಿಷ್ಟು ಹೊತ್ತು ನೆರಳಿನಲ್ಲಿ ಕುಳಿತು ಕಣ್ಣಿಗೆ ವಿಶ್ರಾಂತಿ ಕೊಡಿ. ಗದ್ದವನ್ನು ಯಂತ್ರದ ಮೇಲಿಟ್ಟಾಗ ಒಳಗಿನ ದೀಪ ಕಾಣದಿದ್ದರೆ ಕಾಣುವುದಿಲ್ಲವೆಂದು ಬಾಯಿಬಿಟ್ಟು ಹೇಳಿ. ಸಂಕೋಚದಿಂದ ಹೂಂ ಎನ್ನಬೇಡಿ. ರೆಪ್ಪೆ ಬಡಿಯಲು ಯಾವಾಗ ಬಿಡುತ್ತೀರೆಂದು ಕೇಳಿ. ಹಳೆಯ ಕಾಗದಗಳನ್ನು ಎಸೆಯದೆ, ಯಾವ ಆಸ್ಪತ್ರೆಯ ಯಾವ ದಿನದ್ದೆಂದು ತಿಳಿಯುವಂತೆ ಜೋಡಿಸಿ ತನ್ನಿ. ಪಾಪೆ ಹಿಗ್ಗುವ ಹನಿ ಹಾಕಿದ ಮೇಲೆ ಕೆಲವು ಗಂಟೆ ಹತ್ತಿರದ್ದು ಮಸುಕಾಗಿ, ಬಿಸಿಲು ಕುಕ್ಕುತ್ತದೆ. ಬಸ್ಸಿನ ಚೀಟಿ ನೋಡಿ ಚಿಲ್ಲರೆ ಎಣಿಸಿಕೊಳ್ಳಲು ಜೊತೆಗೊಬ್ಬರಿರಲಿ. ಮತ್ತು ವೈದ್ಯರನ್ನು ಒಂದು ಪ್ರಶ್ನೆ ಕೇಳಿ: ಚಿತ್ರ ಚೆನ್ನಾಗಿ ಬಂದಿದೆಯೇ? ಈ ಪ್ರಶ್ನೆಗೆ ಯಾವ ವೈದ್ಯರೂ ಮುನಿಸಿಕೊಳ್ಳಬಾರದು.

ಎಲ್ಲಕ್ಕಿಂತ ಮಿಗಿಲಾಗಿ, ಸಕ್ಕರೆ ಕಾಯಿಲೆಯಿರುವವರು ಕಣ್ಣು ಚೆನ್ನಾಗಿ ಕಾಣುತ್ತಿರುವಾಗಲೇ ವರ್ಷಕ್ಕೊಮ್ಮೆಯಾದರೂ ಪರದೆಯ ಪರೀಕ್ಷೆ ಮಾಡಿಸಿಕೊಳ್ಳಬೇಕು. ಊತವು ನಡುವಣ ಮನೆಯನ್ನು ಮುಟ್ಟುವವರೆಗೆ ನೋವಿಲ್ಲ, ಕೆಂಪಿಲ್ಲ, ದೂರಿಲ್ಲ. ಮುಟ್ಟಿದ ಮೇಲೆ ಉಳಿಸಿಕೊಳ್ಳಬಹುದಾದ ಕಾಲ ದೀರ್ಘವಲ್ಲ. ಈ ಯಂತ್ರವು ಆ ಕಾಲವನ್ನು ನಮಗೆ ಮುಂಚಿತವಾಗಿ ತಿಳಿಸಬಲ್ಲುದು. ನಮ್ಮ ಹಿರಿಯ ವೈದ್ಯರಿಗೆ ಇಂತಹ ಸಾಧನ ಸಿಕ್ಕಿದ್ದರೆ ಎಷ್ಟೋ ಕಣ್ಣುಗಳು ಉಳಿಯುತ್ತಿದ್ದವು. ಯಂತ್ರವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಅದು ಎರಡು ಗೆರೆಗಳ ನಡುವಣ ಅಂತರವನ್ನು ಪ್ರಾಮಾಣಿಕವಾಗಿ ಹೇಳುತ್ತದೆ. ಆ ಗೆರೆಗಳು ಇರಬೇಕಾದ ಕಡೆ ಇವೆಯೇ ಎಂದು ನೋಡುವ ಕೆಲಸವನ್ನು ಅದು ನಮಗೇ ಬಿಟ್ಟಿದೆ. ಆ ಕೆಲಸಕ್ಕೆ ಬೇಕಾದ ಎರಡು ನಿಮಿಷವನ್ನು ಪ್ರತಿ ರೋಗಿಗೂ ನಾವು ಕೊಡಲೇಬೇಕು.